ಸ್ಲೈಡಿಗೆ ಅಂಟಿದ ಹಳದಿ

"ಕೈ ತಗೀರಿ ಅದರ ಮ್ಯಾಲಿಂದ!"

ಗುರುರಾಜ ಕಿರುಚಿದ ರಭಸಕ್ಕೆ ಗೋಕಾಕ ಫಾಲ್ಸಿನ ನೀರು ಒಂದು ಗಳಿಗೆ ನಡುವೆಯೇ ನಿಂತು ಆಮೇಲೆ ಬಿದ್ದಿರಬೇಕು. ನಾನು ಕೈ ತೆಗೆಯಲಿಲ್ಲ. ಈ ಸುವರ್ಣಾ ಒಮ್ಮೆ ಇಟ್ಟ ಕೈಯನ್ನು ತೆಗೆಸುವ ಗಂಡಸು ಹುಕ್ಕೇರಿಯಿಂದ ಹುಬ್ಬಳ್ಳಿಯವರೆಗೆ ಇನ್ನೂ ಹುಟ್ಟಿಲ್ಲ.

ಕೈ ಕೆಳಗಿದ್ದದ್ದು ಅವನ ಸ್ಕ್ಯಾನರ್. ಪಕ್ಕದಲ್ಲಿ ಅವನಪ್ಪ, ತೀರಿಹೋದ ಫೋಟೋಗ್ರಾಫರ್ ಕಾಶಿನಾಥರು ಬಿಟ್ಟುಹೋದ ತಗಡಿನ ಪೆಟ್ಟಿಗೆ. ಪೆಟ್ಟಿಗೆಯ ತುಂಬ ಸ್ಲೈಡುಗಳು. ಬೆಂಕಿಪೊಟ್ಟಣದಷ್ಟು ಅಗಲದ ಕಾಗದದ ಚೌಕಟ್ಟು, ನಡುವೆ ಅಂಚೆಚೀಟಿಯಷ್ಟು ಬಣ್ಣದ ಫಿಲ್ಮು. ಬೆಳಕಿಗೆ ಹಿಡಿದರೆ ಹಿಡಕಲ್ ಆಣೆಕಟ್ಟು ಕಲ್ಲು ಕಲ್ಲಾಗಿ ಮೇಲೇಳುತ್ತದೆ, ಹಂಡೆ ಕೊಡ ಹೊತ್ತ ಊರುಗಳು ಗುಳೆ ಏಳುತ್ತವೆ. ಇವನ್ನೆಲ್ಲ ಗುರುರಾಜ ಒಂದೊಂದಾಗಿ ಸ್ಕ್ಯಾನ್ ಮಾಡಿ 'ಕಾಶಿನಾಥ ಸಂಗ್ರಹ' ಎಂಬ ಪುಟದಲ್ಲಿ ಜಗತ್ತಿಗೆ ಹಂಚುತ್ತಿದ್ದ.

ಹೋದ ವಾರ ಒಂದೇ ಒಂದು ಸಂಜೆಯ ಮಟ್ಟಿಗೆ ಆ ಪುಟದಲ್ಲಿ ಒಂದು ಚಿತ್ರ ಬಂದು ಮಾಯವಾಗಿತ್ತು. ಮರುದಿನ ಕೇಳಿದರೆ ಅದರ ಸ್ಲೈಡೇ ಕಳುವಾಗಿದೆ ಎಂದು ಗುರುರಾಜ ಕೈ ಝಾಡಿಸಿದ್ದ. ಜಗಳ ಇಷ್ಟೇ.

"ಕಳುವಾತು ಅಂದ ಮ್ಯಾಲ ಮುಗೀತಲ್ರಿ. ನಿಮಗೇನ ಕೆಲಸಾ ಇಲ್ಲೆ?"

"ಕಳುವು ಆದಲ್ಲೆ ನನ್ನ ಕೆಲಸಾ ಸುರು ಆಗೂದು, ಗುರುರಾಜ. ಅಡಗಿ ಮುಗದ ಮ್ಯಾಲನ ಊಟ, ಹೌದಿಲ್ಲೊ?"

ಅವನು ಹಲ್ಲು ಕಡಿದ. ಒಳಗೆ ಬಂದಾಗಿನಿಂದ ಚಹಾ ಕುಡೀತೀರೇನ್ರಿ ಎಂದು ಬಾಯಿಮಾತಿಗೂ ಕೇಳಿರಲಿಲ್ಲ. ನಮ್ಮ ಕಡೆ ವೈರಿಯನ್ನು ಬಡಿಯುವ ಮೊದಲು ಅರ್ಧ ಕಪ್ ಚಹಾ ಕೊಟ್ಟಿರುತ್ತಾರೆ. ಅದೂ ಇಲ್ಲವೆಂದರೆ ಮನುಷ್ಯನೊಳಗೆ ಏನೋ ಕುದಿಯುತ್ತಿದೆ ಎಂದೇ ಅರ್ಥ.

ಕಳೆದುಹೋದ ಆ ಚಿತ್ರ ಸಾಮಾನ್ಯದ್ದಲ್ಲ. ಆಣೆಕಟ್ಟಿನ ನೀರು ಏರಿ ಊರೊಂದು ಮುಳುಗಿದ ದಿನ ತೆಗೆದದ್ದು. ಕುರಿಗಾರರ ದೇವರು ಬೀರಪ್ಪನ ಬೆಳ್ಳಿಯ ಮುಖ ಅದೇ ದಿನ ಕಾಣೆಯಾಯಿತು. ಪೂಜಾರಿ ಮಾಲಿಂಗಪ್ಪನೇ ಅದನ್ನು ನುಂಗಿದ ಎಂದು ಊರು ತೀರ್ಪು ಕೊಟ್ಟಿತು. ಹತ್ತಿರ ಹತ್ತಿರ ಐವತ್ತು ವರ್ಷದಿಂದ ಅವನ ಹಣೆಗೆ ಯಾರೂ ಭಂಡಾರ, ಅಂದರೆ ದೇವರ ಅರಿಷಿಣ, ಹಚ್ಚಿಲ್ಲ, ಅವನನ್ನು ಪಂಕ್ತಿಯಲ್ಲಿ ಕೂಡಿಸಿಲ್ಲ. ಮುಳುಗಿದ ಊರಿನವರು ಬಂದು ನೆಲೆನಿಂತ ಕುಲಗೋಡದಲ್ಲಿ ಈಗ ಹೊಸ ಗುಡಿ ಎದ್ದಿದೆ. ಮಾಲಿಂಗಪ್ಪ ಅದರ ಹೊಸ್ತಿಲು ತುಳಿಯಬೇಕೋ ಬೇಡವೋ ಎಂದು ಈ ಭಾನುವಾರ ದೈವ ಕೂಡಿ, ಅಂದರೆ ಹಿರಿಯರೆಲ್ಲ ಸೇರಿ, ಕಡೆಯ ಮಾತು ಹೇಳುತ್ತದೆ.

ಅಂದು ಕಂಡವರು ಹೇಳುವಂತೆ ಚಿತ್ರದಲ್ಲಿ ಒಂದು ಹರಿಗೋಲು. ಅದರೊಳಗೆ ಹರೆಯದ ಮಾಲಿಂಗಪ್ಪ, ಎರಡೂ ಕೈಯಲ್ಲಿ ಹುಟ್ಟು. ಬೆಳ್ಳಿಯ ಮುಖ ಇರುವುದು ಬೇರೊಬ್ಬರ ಮಡಿಲಲ್ಲಿ. ಆ ಬೇರೊಬ್ಬರು ಯಾರು? ಮುಖ ಸೆರಗಿನ ಮರೆಯಲ್ಲಿತ್ತು, ಕೈಗಳನ್ನು ನೋಡಿಯಾದರೂ ಹೇಳೋಣವೆಂದರೆ ಬರುವಂತಿರಲಿಲ್ಲ. ಏಕೆಂದರೆ ಅಪ್ಪನ ಹೆಸರು ಜಗತ್ತಿಗೆಲ್ಲ ಗೊತ್ತಾಗಲಿ ಎಂದು ಗುರುರಾಜ ಪ್ರತಿ ಚಿತ್ರದ ಮೇಲೂ ದಪ್ಪಕ್ಷರದಲ್ಲಿ 'ಕಾಶಿನಾಥ ಸಂಗ್ರಹ, ಗೋಕಾಕ' ಎಂದು ಒತ್ತುತ್ತಿದ್ದ. ಇದರಲ್ಲಿ ಸರಿಯಾಗಿ ಆ ಕೈಗಳ ಮೇಲೆ ಒತ್ತಿದ್ದ.

ಇನ್ನು ಫೋನಿನಲ್ಲಿ ಕಂಡ ಚಿತ್ರವನ್ನು ದೈವ ಮೂಸಿಯೂ ನೋಡುವುದಿಲ್ಲ. "ಕಂಪ್ಯೂಟರಿನಾಗ ಕತ್ತಿ ತಲಿಗೆ ಕುದರಿ ಮೈ ಹಚ್ತಾರ, ಅದನ್ನ ನಂಬೂಣೇನ?" ಎಂದು ಗುಡಿ ಕಮಿಟಿಯ ಹಿರಿಯ ಮಾಯಪ್ಪ ಆಗಲೇ ಸಾರಿಬಿಟ್ಟಿದ್ದ. ಮೂಲ ಫಿಲ್ಮು ಬೇಕು. ಅದಿಲ್ಲದಿದ್ದರೆ ಮಾಲಿಂಗಪ್ಪ ಕಳ್ಳನಾಗಿಯೇ ಮಣ್ಣಿಗೆ ಹೋಗಬೇಕು.

ಅದಕ್ಕೇ ಅವನ ಮಗಳು ಹಣಮವ್ವ ನನ್ನ ಹುಡುಕಿಕೊಂಡು ಹುಕ್ಕೇರಿಗೆ ಬಂದದ್ದು. ಬಂದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನನಗ ನಿಮ್ಮ ಮ್ಯಾಲ ನಂಬಿಗಿ ಇಲ್ರಿ" ಎಂದೇ ಶುರುಮಾಡಿದಳು. "ಅಪ್ಪಾ ಹಟಾ ಹಿಡದಾನ. 'ಹೋದ್ರ ಹುಕ್ಕೇರಿ ಪಾರವ್ವನ ಮಗಳ ಹಂತೇಕ ಹೋಗು, ಬ್ಯಾರೆ ಯಾರೂ ಬ್ಯಾಡ' ಅಂತಾನ."

ನೋಡಿ, ಕೀರ್ತಿ ಎಂದರೆ ಇದು. ಪೇಪರ್ ಓದದ, ಫೋನ್ ಹಿಡಿಯದ, ಕುರಿಯ ಹೊರತು ಬೇರೆ ಪ್ರಾಣಿಯ ಜೊತೆ ಮಾತಾಡದ ಮುದುಕನಿಗೂ ನನ್ನ ಹೆಸರು ಮುಟ್ಟಿತ್ತು! ಆ ಸಂತೋಷಕ್ಕೆ ನಾನು ಅಂದು ಒಂದು ರೊಟ್ಟಿ ಹೆಚ್ಚಿಗೆ ತಿಂದೆ.

ರೊಟ್ಟಿ ಬಡಿದವಳು ನನ್ನ ಅವ್ವ ಪಾರವ್ವ. ಅವಳು ಬಡಿಯುವ ಸಪ್ಪಳಕ್ಕೆ ಹತ್ತರಗಿಯ ಹೈವೇದಲ್ಲಿ ಲಾರಿಗಳು ಬ್ರೇಕ್ ಹಾಕುತ್ತವೆ. ಬಡಿಯುವಾಗ ಅವಳ ಬಲ ಮುಂಗೈ ಮೇಲಿನ ಹಚ್ಚೆಯ ಚೇಳು ಕುಣಿಯುತ್ತದೆ. ಆ ಚೇಳಿಗೆ ಬಾಲವಿಲ್ಲ. ಸೂಜಿಯ ಉರಿ ತಾಳದೆ, ಹಚ್ಚೆ ಹಾಕುವವಳ ಕೈಗೆ ಕಚ್ಚಿ ನಡುವೆಯೇ ಓಡಿಹೋದೆ ಎಂದು ಅವಳೇ ಹೆಮ್ಮೆಯಿಂದ ಹೇಳುತ್ತಾಳೆ. ಅವಳ ತವರೂ ಎಲ್ಲೋ ಅದೇ ನೀರಿನಡಿ ಇದೆ. ಯಾವ ಊರವ್ವಾ ಎಂದರೆ, "ಮೀನಿನ ಊರು, ನಿನಗ್ಯಾಕ" ಎಂದು ಬಾಯಿ ಮುಚ್ಚಿಸುತ್ತಾಳೆ. ಇಡೀ ಜಿಲ್ಲೆಯ ಬಾಯಿ ಬಿಡಿಸಿದ ನಾನು ಆ ಒಂದು ಬಾಯಿಯ ತಂಟೆಗೆ ಹೋಗಿಲ್ಲ.

ಇರಲಿ. ಸ್ಕ್ಯಾನರಿನ ಮುಚ್ಚಳ ಎತ್ತಿದೆ.

ಗಾಜು ಕನ್ನಡಿಯಂತೆ ಒರೆಸಿಟ್ಟಿತ್ತು. ಗಾಜಿನ ಮೇಲೆ ಸ್ಲೈಡುಗಳನ್ನು ಕೂರಿಸುವ ಕಪ್ಪು ಪಟ್ಟಿ, ಪಟ್ಟಿಯಲ್ಲಿ ಸಾಲಾಗಿ ಚೌಕ ಕಿಂಡಿಗಳು. ಎಲ್ಲ ಕಿಂಡಿಗಳ ಅಂಚಿಗೂ ಮಸುಕು ಬಿಳಿ ಧೂಳು. ಕಡೆಯ ಕಿಂಡಿಯದು ಮಾತ್ರ ಬಿಳಿಯಲ್ಲ.

ಹಳದಿ.

ಪೆಟ್ಟಿಗೆಯಿಂದ ಒಂದು ಸ್ಲೈಡ್ ಎತ್ತಿ ಚೌಕಟ್ಟನ್ನು ಬೆರಳಿನಿಂದ ಉಜ್ಜಿದೆ. ಬಿಳಿ. ಇನ್ನೊಂದು. ಬಿಳಿ. ಇಡೀ ಪೆಟ್ಟಿಗೆ ಬಿಳಿ ಹಿಡಿದಿತ್ತು.

"ಏನ್ ನೋಡಾಕತ್ತಿ ಬೇ ಅಷ್ಟ? ಅದು ಈಬತ್ತಿ!"

ಒಳಬಾಗಿಲಲ್ಲಿ ಗುರುರಾಜನ ತಾಯಿ ಶಿವಗಂಗವ್ವ ಹಣೆ ತುಂಬ ಅದೇ ವಿಭೂತಿ ಬಳಿದುಕೊಂಡು ನಿಂತಿದ್ದಳು. ಅವಳ ನೋಟಕ್ಕೆ ಹಸಿ ಕಬ್ಬು ಹತ್ತಿ ಉರಿಯುತ್ತಿತ್ತು.

"ಯಜಮಾನ್ರು ಇದ್ದಾಗಿಂದ ಖಂಡೇನವಮಿ ಪೂಜಿಗೆ ಒಂದೊಂದ ಸ್ಲೈಡಿಗೂ ನನ್ನ ಕೈಲೆ ಹಚ್ಚೇನಿ. ಅದರಾಗೂ ಕಳುವಿನ ಮಾಲ ಹುಡಕ್ತಿಯೇನ?"

"ಒಂದಕ್ಕರ ಅರಿಷಿಣ ಹಚ್ಚೀರೇನ, ಯವ್ವಾ?"

"ಕ್ಯಾಮರಾಕ್ಕ ಅರಿಷಿಣಾ? ನಮ್ಮ ಮನ್ಯಾಗ ಅಂಥಾ ಪದ್ಧತಿ ಇಲ್ಲ. ಈಬತ್ತಿ ಅಂದ್ರ ಈಬತ್ತಿ."

ಸಾಕಾಯಿತು. ನಾನು ಹಳದಿ ಕಿಂಡಿಗೆ ಕಿರುಬೆರಳು ಇಳಿಸಿ ತೆಗೆದು ಮೂಸಿದೆ. ನನ್ನ ಮೂಗಿನ ವಿಚಾರ ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ಪೊಲೀಸರ ನಾಯಿಗಳು ರಜೆ ಹಾಕಿದ ದಿನ ಇದನ್ನು ಕೇಳಿಕೊಂಡು ಬರಬಹುದು. ಅಡುಗೆಮನೆಯ ಅರಿಷಿಣದ ವಾಸನೆಯೇ ಬೇರೆ. ಇದು ಕುರಿತುಪ್ಪಳದ, ಹೊಗೆಯ, ಹಳೆಯ ಚರ್ಮದ ವಾಸನೆ ಹೀರಿಕೊಂಡ ಅರಿಷಿಣ. ಇದು ಭಂಡಾರ. ನನ್ನ ಮನೆಯ ದೇವರದೂ ಇದೇ.

"ಗುರುರಾಜ, ಆ ಸ್ಲೈಡು ನಿಮ್ಮಪ್ಪನ ಪೆಟಿಗ್ಯಾಗಿಂದ ಕಳುವಾಗಿಲ್ಲ."

"ಮತ್ತ?"

"ನಿಮ್ಮಪ್ಪನ ಪೆಟಿಗ್ಯಾಗ ಅದು ಇರಲೇ ಇಲ್ಲ."

ಅವನ ಮುಖ ಸೀದ ರೊಟ್ಟಿಯಾಯಿತು.

"ದೇವರ ಜಗಲಿ ಮ್ಯಾಲ ಇಟ್ಟು ಬೆರಳಿಲೆ ಹಚ್ಚಿದ್ರ ಒಂದ ಬೊಟ್ಟ ಇರತಿತ್ತು. ಇದು ಕಿಂಡಿಯ ನಾಕೂ ಮೂಲಿಗೆ ಉದರೇತಿ. ಅಂದ್ರ ಚೌಕಟ್ಟ ಭಂಡಾರದಾಗ ಹುಗದ ಇತ್ತು. ಹಂಗ ಹುಗಿಯೂದು ಒಂದ ಜಾಗಾದಾಗ, ಭಂಡಾರದ ಚೀಲದಾಗ. ಆ ಚೀಲಕ್ಕ ಪೂಜಾರಿ ಕೈ ಬಿಟ್ಟ ಇನ್ನೊಂದ ಕೈ ಹೋಗಂಗಿಲ್ಲ. ಹೆಂಡ್ರದಲ್ಲ, ಮಕ್ಕಳದೂ ಅಲ್ಲ. ನಿನ್ನ ಅಂಗಡಿಗೆ ಒಬ್ಬ ಪೂಜಾರಿ ಬಂದಿದ್ದ. ಕಂಬಳಿ ಹೊತ್ತ ಮುದುಕ. ಹೌದಂತಿಯೋ ಇಲ್ಲಂತಿಯೋ?"

ಗುರುರಾಜ ತಾಯಿಯ ಕಡೆ ನೋಡಿದ. ಶಿವಗಂಗವ್ವನ ಕೆಂಗಣ್ಣು ಈಗ ಮಗನ ಕಡೆ ತಿರುಗಿತ್ತು.

"ಬ್ಯಾರೇದವರ ಚಿತ್ರಕ್ಕ ನಿಮ್ಮಪ್ಪನ ಪೆಟಿಗಿ ಹೆಸರ ಬಡದಿಯೇನೋ?"

"ಫೋಟೋ ಅಪ್ಪಾನ ತಗದಿದ್ದ, ಯವ್ವಾ!" ಅವನ ದನಿ ಒಡೆಯಿತು. "ಆಗಿನ ಕಾಲಕ್ಕ ಆ ಮುದುಕಗ ಕೊಟ್ಟಿದ್ನಂತ. ಅವನ ತಂದ. ಎಲ್ಲಾರೂ ನೋಡೂವಂಗ ಹಾಕು ಅಂದ. ಸ್ಕ್ಯಾನ್ ಆದ ಕೂಡ್ಲೆ ವಾಪಸ್ ಒಯ್ದ. ಕಳುವಾಗಿಲ್ಲ, ಏನೂ ಆಗಿಲ್ಲ."

"ಮತ್ತ ಕಳುವು ಅಂತ ಯಾಕ ಬೊಗಳಿದಿ?" ಎಂದೆ.

"ನಾ ಹೇಳಿಸಿದೆ."

ಉತ್ತರ ಬೀದಿಬಾಗಿಲಿನಿಂದ ಬಂತು. ತಲೆಗೆ ಬಿಳಿ ಪಟಗ, ಬಿಳಿ ಮೀಸೆ, ಕೈಯಲ್ಲಿ ಬೆತ್ತ. ಮಾಯಪ್ಪ. ಅವನು ಒಳಗೆ ಕಾಲಿಟ್ಟಾಗ ಗೋಡೆಯ ಮೇಲಿನ ಮದುವೆ ಫೋಟೋಗಳ ಜೋಡಿಗಳೆಲ್ಲ ನಗು ನಿಲ್ಲಿಸಿದವು.

"ಪುಟದಾಗಿಂದ ತಗಸಿದವನೂ ನಾನ, ಕಳುವು ಅಂತ ಹೇಳಿಸಿದವನೂ ನಾನ. ಕಂಪ್ಯೂಟರಿನಾಗಿಂದನೂ ಇವನ ಕೈಲೆ ಅಳಿಸಿ ಹಾಕಿಸೇನಿ. ಏನ್ ಮಾಡ್ತಿ?"

"ನಮಸ್ಕಾರ ಕಾಕಾ," ಎಂದೆ. ವೈರಿಗೂ ನಮಸ್ಕಾರ ಬಿಡುವವಳಲ್ಲ ನಾನು. "ಖೊಟ್ಟಿ ಚಿತ್ರಕ್ಕ ಇಷ್ಟ್ಯಾಕ ಹೆದರೀರಿ? ನೀವ ಹೇಳೀರಲ್ಲಾ, ಕುದರಿ ಮೈ, ಕತ್ತಿ ತಲಿ ಅಂತ."

"ಖೊಟ್ಟಿ ಅಲ್ಲ."

ಅಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆಂದು ನಾನು ಎಣಿಸಿರಲಿಲ್ಲ.

"ಖರೇನ ಐತಿ. ಹರಿಗೋಲ ಬಿಟ್ಟಾಗ ನಾ ದಂಡಿ ಮ್ಯಾಲ ನಿಂತಿದ್ದೆ. ಮುಖ ಯಾರ ಉಡಿಯಾಗಿತ್ತು ಅನ್ನೂದನ್ನ ಈ ಕಣ್ಣಿಲೆ ನೋಡೇನಿ."

"ನೋಡಿ, ಮಾಲಿಂಗಪ್ಪನ ಹೆಸರ ಹೇಳಿದ್ರಿ?"

"ಹೇಳಿದೆ."

"ನಾಚಿಗಿ ಬರಂಗಿಲ್ಲೇನ ಕಾಕಾ? ಒಬ್ಬನ ಇಡೀ ಜಲ್ಮಾ ಹಾಳ ಮಾಡಿ ಗುಡಿ ಕಟ್ಟಿಸೀರಿ!"

ಬೆತ್ತ ನೆಲಕ್ಕೆ ಬಡಿಯಿತು. ನಾನು ಹೆದರಲಿಲ್ಲ. ಸ್ಕ್ಯಾನರ್ ಹೆದರಿ ಒಂದು ಸಲ ಮಿನುಗಿತು.

"ಹುಡುಗಿ, ಒಂದ ಮಾತ ಕೇಳು. ಇಲ್ಲಿಂದ ಸೀದಾ ಮನಿಗಿ ಹೋಗು. ಉಂಡು ಮಲಕ್ಕೊ. ಆ ಸ್ಲೈಡು ಹೊರಗ ಬಂತಂದ್ರ ಮೊದಲ ಸುಡೂದು ನಿನ್ನ ಮನಿ."

"ಬೆಂಕಿ ಹಚ್ತೀರೇನ?"

"ನಾ ಯಾಕ ಹಚ್ಲಿ?" ಅವನು ಮೀಸೆಯ ಮೇಲೆ ಬೆರಳಾಡಿಸಿದ. "ನೀನ ಹಚ್ಚತಿ."

ಇಂಥ ಬೆದರಿಕೆಗಳನ್ನು ನಾನು ಉಪ್ಪಿನಕಾಯಿಯಂತೆ ನೆಕ್ಕಿ ಬೆಳೆದವಳು. ಅವನ ಮುಂದೆಯೇ ಹಾಯ್ದು, ಬೆತ್ತ ದಾಟಿ, ಸ್ಕೂಟಿ ಕಿಕ್ ಹೊಡೆದೆ. ಹೊರಡುವ ಗಡಿಬಿಡಿಯಲ್ಲಿ ಮೇಜಿನ ಮೇಲಿದ್ದ ಗುರುರಾಜನ ಪುಟ್ಟ ಭೂತಗನ್ನಡಿ ಹೇಗೋ ನನ್ನ ಚೀಲಕ್ಕೆ ಜಾರಿಬಿದ್ದಿತ್ತು. ಪತ್ತೇದಾರರ ಚೀಲಕ್ಕೆ ಆ ಗುಣ ಇರುತ್ತದೆ.

ಮೂಡಲಗಿ ದಾಟಿ ಕುಲಗೋಡದ ಹಾದಿ ಹಿಡಿದೆ. ಕಬ್ಬಿನ ಟ್ರ್ಯಾಕ್ಟರುಗಳು ಎಷ್ಟು ಜೋರಾಗಿ ಹಾಡು ಹಚ್ಚಿಕೊಂಡಿದ್ದವೆಂದರೆ ಹೊಲದಲ್ಲಿ ನಿಂತ ಕಬ್ಬು ತಲೆಯಾಡಿಸುತ್ತಿತ್ತು. ಅವನ್ನೆಲ್ಲ ಹಿಂದಿಕ್ಕಿ ನಾನು ಗಾಳಿಗಿಂತ ಮೊದಲು ಊರು ಮುಟ್ಟಿದೆ. ಕಟ್ಟೆಯ ಮೇಲೆ ಕೂತವರನ್ನು ಮಾಲಿಂಗಪ್ಪನ ಮನೆ ಎಲ್ಲಿ ಎಂದು ಕೇಳಿದೆ. ಮಾತು ನಿಂತಿತು. ಒಬ್ಬ ಎಲೆಯಡಿಕೆ ಉಗುಳಿ ಹೇಳಿದ:

"ಕಳ್ಳನ ಮನಿಯೇನ್ರಿ? ಊರ ಮುಗಿಯೂ ತನಕಾ ಹೋಗ್ರಿ. ಅಲ್ಲಿಂದ ಮುಂದಕ್ಕ ಅಂವಾ."

ಉಳಿದವರು ನಕ್ಕರು. ಆ ನಗುವನ್ನು ಆ ಮನೆ ಐವತ್ತು ವರ್ಷ ಉಂಡಿದೆ.

ಕುರಿಹಟ್ಟಿಯ ಬಾಜೂಕ್ಕೆ ತಗಡಿನ ಮನೆ. ಬಾಗಿಲಲ್ಲಿ ಹಣಮವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಸಿಕ್ತೇನ್ರಿ ಸ್ಲೈಡು? ಇಲ್ಲಾ ಬರೇ ಬಾಯಿ ತಗೊಂಡ ಬಂದೀರೋ?"

"ಸಿಕ್ಕೇತಿ. ನಿನ್ನ ಮನ್ಯಾಗನ ಐತಿ."

ಅವಳನ್ನು ಸರಿಸಿ ಒಳಗೆ ಹೋದೆ. ಕಂಬಳಿಯ ಮೇಲೆ ಮಾಲಿಂಗಪ್ಪ ಕೂತಿದ್ದ. ಒಣಗಿದ ಜಾಲಿಯ ಕೊರಡಿನಂಥ ಮುದುಕ, ಕಣ್ಣು ಮಾತ್ರ ಇನ್ನೂ ಹಸಿ. ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಕುರಿ ಕೊಳ್ಳುವವರು ಹಲ್ಲು ನೋಡುವಂತಲ್ಲ, ಕಳೆದ ಕುರಿ ಹಟ್ಟಿಗೆ ಬಂದಾಗ ನೋಡುವಂತೆ.

"ನಿಮ್ಮವ್ವ ಅರಾಮ ಅದಾಳೇನವಾ?"

"ಗುಂಡಕಲ್ಲ ಇದ್ದಂಗ ಅದಾಳ, ಅಜ್ಜಾ. ಆ ಮಾತ ಆಮ್ಯಾಲ. ಭಂಡಾರದ ಚೀಲ ತಗಿ."

ಮುದುಕ ನಕ್ಕ. "ಹುಡುಕಿದಿ ಹಂಗಾದ್ರ."

ಗೂಟಕ್ಕೆ ತೂಗುಹಾಕಿದ್ದ ಹಳೆಯ ಚರ್ಮದ ಚೀಲವನ್ನು ಇಳಿಸಿ ಕೈ ಹಾಕಿದ. ಮೊಣಕೈವರೆಗೆ ಹಳದಿಯಾದ ಕೈ ಹೊರಗೆ ಬಂದಾಗ ಬೆರಳುಗಳ ನಡುವೆ ಆ ಚೌಕಟ್ಟು ಇತ್ತು.

ಹಣಮವ್ವ ಬಗ್ಗಿ ಅದನ್ನು ನೋಡಿದಳು.

"ನಿನ್ನ ಹಂತೇಕ ಇತ್ತಾ?" ಮೊದಲು ಪಿಸುಮಾತಿನಲ್ಲಿ. ಆಮೇಲೆ ತಗಡು ಹಾರಿಹೋಗುವಂತೆ. "ಅಪ್ಪಾ! ನಿನ್ನ ಹಂತೇಕ ಇತ್ತಾ ಇದು? ನನ್ನ ಲಗ್ನದಾಗ ನಿನ್ನ ಹಂದರದ ಹೊರಗ ಕುಂಡ್ರಿಸಿದ್ರು. ಅಕ್ಕಿಕಾಳ ಹಾಕಾಕ ಬಿಡಲಿಲ್ಲ. ಅವ್ವ ಅದ ಕೊರಗಿನಾಗ ಸತ್ತಳು. ಅವಾಗ್ಯಾಕ ತಗೀಲಿಲ್ಲ ಇದನ್ನ? ಯಾಕ ತಗೀಲಿಲ್ಲ?"

ಮುದುಕ ಹಳದಿ ಕೈಯನ್ನು ಚೀಲದ ಮೇಲಿಟ್ಟ.

"ಮುಖ ಒಯ್ದವರ ಹೆಸರ ಬಾಯಿಲೆ ಹೇಳಂಗಿಲ್ಲ ಅಂತ ಭಂಡಾರ ಮುಟ್ಟಿ ಆಣಿ ಮಾಡೇನಿ, ಯವ್ವಾ. ಬಾಯಿಗಿ ಆಣಿ ಐತಿ. ಕಣ್ಣಿಗಿ ಇಲ್ಲ ಅನ್ನೂದು ಮೊನ್ನೆ ಹೊಳೀತು. ನೋಡವ್ರ ನೋಡ್ಲಿ ಅಂತ ಗೋಕಾಕಕ್ಕ ಒಯ್ದ ಕೊಟ್ಟೆ. ಆ ಶಾಣ್ಯಾ ಸರೀ ಕೈ ಮ್ಯಾಲನ ಅವರಪ್ಪನ ಹೆಸರ ಬರದ."

"ಮನ್ಯಾಗ ಮಗಳ ಇದ್ಲಲ್ಲಾ! ನನಗರ ಕೊಡಬೇಕಿತ್ತಿಲ್ಲೊ!"

"ನಿನಗ ಕೊಟ್ಟಿದ್ರ ನೀ ಊರ ತುಂಬ ಒದರತಿದ್ದಿ." ಅವನು ಸ್ಲೈಡನ್ನು ನನ್ನ ಕಡೆ ಚಾಚಿದ. "ಇದನ್ನ ನೋಡಬೇಕಾದವಳು ಈಕಿ. ನೋಡಿ ಈಕಿ ಏನ್ ಹೇಳ್ತಾಳೋ ಅದು."

ನನ್ನ ಎದೆ ಉಬ್ಬಿತು. ಸುಳ್ಳು ಯಾಕೆ ಹೇಳಲಿ? ಬೆಳಗಾವಿ ಜಿಲ್ಲೆಯ ಎಲ್ಲ ಕಣ್ಣುಗಳನ್ನು ಬಿಟ್ಟು ನನ್ನ ಕಣ್ಣನ್ನು ಆರಿಸಿದ್ದ ಮುದುಕ! ಭೂತಗನ್ನಡಿ ತೆಗೆದು, ಕಿಟಕಿಯ ಬಿಸಿಲಿಗೆ ಸ್ಲೈಡ್ ಹಿಡಿದೆ.

ಅರ್ಧ ಶತಮಾನ ಕತ್ತಲಲ್ಲಿ ಮಲಗಿದ್ದ ಬಣ್ಣ ಒಮ್ಮೆಲೇ ಎದ್ದು ಕೂತಿತು. ಕೆಂಪು ನೀರು. ಮುಳುಗುತ್ತಿರುವ ಗುಡಿಯ ಶಿಖರ. ಹರಿಗೋಲಿನಲ್ಲಿ ಹುಟ್ಟು ಹಿಡಿದ ಹುರಿಮೀಸೆಯ ಮಾಲಿಂಗಪ್ಪ. ಅವನ ಮುಂದೆ, ಕ್ಯಾಮರಾಕ್ಕೆ ತೀರಾ ಹತ್ತಿರ, ಹಸಿರು ಇಳಕಲ್ ಸೀರೆಯ ಹುಡುಗಿ. ಸೆರಗು ಮುಖದ ತುಂಬ ಎಳೆದುಕೊಂಡಿದ್ದಾಳೆ. ಉಡಿಯಲ್ಲಿ ಬೀರಪ್ಪನ ಬೆಳ್ಳಿಯ ಮುಖ, ಬಿಸಿಲಿಗೆ ಉರಿಯುತ್ತಿದೆ. ಅದನ್ನು ಬಲಗೈಯಿಂದ ಅವುಚಿ ಹಿಡಿದಿದ್ದಾಳೆ, ಯಾರೋ ಕಸಿಯಲು ಬಂದಿರುವಂತೆ.

ಕನ್ನಡಿಯನ್ನು ಆ ಕೈಗೆ ತಂದೆ.

ಮುಂಗೈ ಮೇಲೆ ಹಚ್ಚೆ. ಎಂಟು ಕಾಲು, ಎರಡು ಇಕ್ಕಳ, ಗುಂಡನೆಯ ಹೊಟ್ಟೆ. ಹೊಟ್ಟೆಯ ಹಿಂದೆ ಏನೂ ಇಲ್ಲ. ಬರೀ ಚರ್ಮ.

ಕನ್ನಡಿ ಒರೆಸಿ ಮತ್ತೆ ನೋಡಿದೆ. ಬಾಲ ಬರಲಿಲ್ಲ.

ಇವತ್ತು ಬೆಳಗ್ಗೆ ನನಗೆ ರೊಟ್ಟಿ ಬಡಿದ ಕೈ.

ಹುಕ್ಕೇರಿ ಪಾರವ್ವನ ಮಗಳ ಹಂತೇಕ ಹೋಗು. ಕೀರ್ತಿಯಂತೆ! ಮುದುಕನಿಗೆ ಮುಟ್ಟಿದ್ದು ನನ್ನ ಹೆಸರಲ್ಲ, ಅವ್ವನದು. ಮಾಯಪ್ಪ ಹೇಳಿದ ಮನೆಯೂ ಈಗ ಯಾವುದೆಂದು ತಿಳಿಯಿತು, ಬೆಂಕಿಯೂ ತಿಳಿಯಿತು.

"ಯಾರದ್ರಿ ಆ ಕೈ?" ಹಣಮವ್ವ ನನ್ನ ಭುಜಕ್ಕೆ ಬಂದು ನಿಂತಿದ್ದಳು.

"ಗೊತ್ತಾಗವಲ್ದು," ಎಂದೆ. "ಫಿಲ್ಮು ಹಳೇದಾಗೇತಿ. ಮಸಕ ಐತಿ."

ಜಿಲ್ಲೆಯ ಅತಿ ದೊಡ್ಡ ಸುಳ್ಳುಗಳನ್ನೆಲ್ಲ ಹಿಡಿದವಳು ನಾನು. ಇಷ್ಟು ಕೆಟ್ಟದಾಗಿ ಹೇಳಿದ ಸುಳ್ಳನ್ನು ಎಂದೂ ಕೇಳಿರಲಿಲ್ಲ.

ಹಣಮವ್ವ ನನ್ನ ಕೈಯನ್ನು ನೋಡಿದಳು. ಸ್ಲೈಡ್ ಆಗಲೇ ನನ್ನ ಮುಷ್ಟಿಯೊಳಗೆ ಸೇರಿತ್ತು.

"ಮಸಕ ಐತಿ," ಎಂದಳು ನಿಧಾನವಾಗಿ. "ಹಂಗಾದ್ರ ಅದನ್ನ ಯಾಕ ಮುಚ್ಚಿ ಹಿಡದೀರ್ರಿ?"

ಅವಳು ತಂದೆಯ ಕಡೆ ತಿರುಗಿದಳು.

"ಅಪ್ಪಾ, ಭಂಡಾರ ತಗಿ. ಈಕಿ ಮನಿದೇವ್ರೂ ಬೀರಪ್ಪನ ಹೌದಿಲ್ಲೊ? ಭಂಡಾರ ಹಿಡದು ಹೇಳ್ಲಿ, ಗೊತ್ತಿಲ್ಲಂತ."

ಮಾಲಿಂಗಪ್ಪ ಚೀಲಕ್ಕೆ ಕೈ ಹಾಕಿದ. ಹಿಡಿ ತುಂಬಿ ತೆಗೆದ. ಎದ್ದು ಬಂದು ಆ ಹಿಡಿಯನ್ನು ನನ್ನ ಮುಂದೆ ಚಾಚಿದ. ಬೆರಳ ಸಂದಿಯಿಂದ ಹಳದಿ ಸಣ್ಣಗೆ ಸುರಿಯುತ್ತಿತ್ತು.

"ಕೈ ಹಿಡಿಯವಾ," ಎಂದ ಮುದುಕ.

ಹುಕ್ಕೇರಿಯಿಂದ ಹುಬ್ಬಳ್ಳಿಯವರೆಗೆ ಯಾರೂ ತೆಗೆಸಲಾಗದ ನನ್ನ ಕೈ ತಾನಾಗಿಯೇ ಹಿಂದಕ್ಕೆ ಸರಿಯಿತು.

ಹಣಮವ್ವ ಅದನ್ನು ನೋಡಿದಳು. ಹೋಗಿ ಬಾಗಿಲಿಗೆ ಅಗಳಿ ಹಾಕಿದಳು.